ಆವಲಪ್ಪನ ಅರ್ಜಿಗೆ ಬಲ ಬಂದದ್ದು

ಆವಲಪ್ಪ ತನ್ನ ಬಗ್ಗೆ ಬರೆದುಕೊಂಡದ್ದು ನಾಲ್ಕೇ ಸಾಲು; ಅನಾಹುತಕ್ಕೆಲ್ಲ ಅದೇ ಮೂಲ. ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಆನರ್ಸಿಗೆ ಸೀಟು ಬೇಕೆನ್ನುವವರು ‘ಗಣಿತವೇ ಏಕೆ?’ ಎಂದು ಒಂದು ಪುಟ ಬರೆದು ಸಂದರ್ಶನಕ್ಕೆ ತರಬೇಕಿತ್ತು. ಬೆರಳೆಣಿಕೆಯ ಸೀಟಿಗೆ ಇಡೀ ಮೈಸೂರು ರಾಜ್ಯವೇ ಬಾಯಿ ಬಿಟ್ಟುಕೊಂಡು ನಿಂತಿತ್ತು. ಇವನೋ, ಒಂದು ಲೆಕ್ಕ ತಿಂಗಳುಗಟ್ಟಲೆ ಬಗ್ಗದೆ ಕಾಡಿದ್ದನ್ನೂ, ಬಗ್ಗಿದ ದಿನ ಹೊಲದ ಬದುವಿನ ಮೇಲೆ ಒಬ್ಬನೇ ಕುಣಿದದ್ದನ್ನೂ ಬರೆದಿದ್ದ.

“ಕುಣಿದ್ರೆ ಸೀಟು ಕೊಡ್ತಾರೇನ್ಲಾ? ಇದಕ್ಕೆ ಬಲ ಸಾಲ್ದು,” ಎಂದು ಅಪ್ಪ ಮುನಿರಾಮಯ್ಯ ಸಂದರ್ಶನದ ಬೆಳಗ್ಗೆಯೇ ಅವನನ್ನು ಹೊಸಕೋಟೆ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವ ಆದಿನಾರಾಯಣಪ್ಪನ ಬಳಿಗೆ ಎಳೆದೊಯ್ದ. ಆತ ಬರೆದ ಅರ್ಜಿ ಓದಿ ಅಮಲ್ದಾರರು ಸುರಿಸಿದ ಕಣ್ಣೀರಿಗೆ ಹೊಸಕೋಟೆ ಕೆರೆ ಎರಡು ಸಲ ಕೋಡಿ ಬಿದ್ದಿತ್ತು. ಅನುಮಾನವಿದ್ದವರು ಕೆರೆಯನ್ನೇ ಕೇಳಬಹುದು.

ಆದಿನಾರಾಯಣಪ್ಪ ನಾಲ್ಕೂ ಸಾಲು ಹೊಡೆದುಹಾಕಿ, “ಅಪ್ಪ ಇದ್ದಾನಾ?” ಎಂದ.

“ಇಲ್ಲೇ ನಿಂತವ್ನಲ್ಲ ಸ್ವಾಮಿ,” ಎಂದ ಆವಲಪ್ಪ.

“ಅಪ್ಪ ಬದುಕಿರೋ ಅರ್ಜೀನ ಯಾವ ಸಾಹೇಬ ಓದ್ತಾನಯ್ಯ?”

“ಸತ್ತೆ ಅಂತ್ಲೇ ಹಾಕಿ ಬುದ್ಧಿ,” ಎಂದು ಮುನಿರಾಮಯ್ಯ ಬೀಡಿ ಹಚ್ಚಿದ.

ಪಕ್ಕದ ಟೀ ಅಂಗಡಿಯ ನಜೀಬುಲ್ಲಾ ಲೋಟ ತೊಳೆಯುತ್ತಲೇ ಕೂಗಿದ: “ಮದುವೆಗೆ ಬಂದಿರೋ ತಂಗೀರು ನಾಲ್ಕು ಜನ ಇರ್ಲಿ ಗುರು!”

“ನಂಗೆ ತಂಗೀನೇ ಇಲ್ವಲ್ಲ! ಗಣಿತದ ಮಾತು ಒಂದಾದ್ರೂ ಬರೀರಿ ಸ್ವಾಮಿ.”

“ನಾಲ್ಕು ಜನ ತಂಗೀರು, ದುಡಿಯೋನು ಒಬ್ಬ. ಇದಕ್ಕಿಂತ ಗಣಿತ ಬೇಕೇನಯ್ಯ?” ಎಂದು ಆದಿನಾರಾಯಣಪ್ಪ ಕಾಗದದ ಮೇಲೆ ತಾಯಿಯ ಕಣ್ಣನ್ನೂ ಕಿತ್ತು ಆವಲಪ್ಪನಿಂದ ರುಜು ಹಾಕಿಸಿದ. ಬೇರೆ ಬರೆಯೋಣವೆಂದರೆ ಬೆಂಗಳೂರಿನ ಬಸ್ಸು ಆಗಲೇ ಹಾರನ್ ಬಾರಿಸುತ್ತಿತ್ತು.

ಸಂದರ್ಶನದಲ್ಲಿ ಗಣಿತದ ಪ್ರೊಫೆಸರು ಅದನ್ನು ಓದಿದರು. ಕನ್ನಡಕ ತೆಗೆದರು. ಕರವಸ್ತ್ರ ಹಿಂಡಿದರೆ ಬಿಂದಿಗೆ ತುಂಬುತ್ತಿತ್ತು.

“ಸಾರ್, ಒಂದು ಲೆಕ್ಕ ಕೇಳಿ ಸಾರ್,” ಎಂದು ಆವಲಪ್ಪ ಗೋಗರೆದ.

“ಯಾವ ಲೆಕ್ಕಾನಪ್ಪ? ವರ್ಷಗಟ್ಟಲೆ ನೀನು ಓದ್ತಾ ಕೂತ್ರೆ ಆ ಹೆಣ್ಣುಮಕ್ಕಳ ಗತಿ? ನಿನಗೆ ಸೀಟು ಕೊಟ್ರೆ ಆ ಪಾಪ ನನಗೆ ಸುತ್ಕೊಳ್ಳುತ್ತೆ!”

ನಿಜ ಹೇಳಿದರೆ ಸುಳ್ಳುಗಾರನೆಂದು ಕತ್ತು ಹಿಡಿದು ದಬ್ಬುತ್ತಾರೆ. ಆವಲಪ್ಪ ಹೀಗೆ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಪ್ರೊಫೆಸರು ಆಫೀಸಿಗೆ ನುಗ್ಗಿ, ಮೇಜು ಗುದ್ದಿ, ತಮ್ಮ ಗಣಿತ ವಿಭಾಗದಲ್ಲೇ ಅವನಿಗೆ ಅಟೆಂಡರ್ ಕೆಲಸ ಕೊಡಿಸಿಬಿಟ್ಟರು. ಅವತ್ತಿನಿಂದಲೇ ಡ್ಯೂಟಿ.

ಹೊರಗೆ ಕಾಯುತ್ತಿದ್ದ ಮುನಿರಾಮಯ್ಯ ತಾನು ಸತ್ತಿರುವುದನ್ನೂ ಮರೆತು, “ಸರ್ಕಾರಿ ಕೆಲಸ ಕಣ್ಲಾ!” ಎಂದು ಸಿಕ್ಕವರ ಕೈ ಕುಲುಕಿದ.

ಸಂಜೆ ಸೀಟು ಸಿಕ್ಕ ಹುಡುಗರಿಗೆ ಮೊದಲ ಪಾಠ. ಆವಲಪ್ಪ ಸೀಮೆಸುಣ್ಣ ತಂದು ಮೇಜಿನ ಮೇಲಿಟ್ಟ. ಪ್ರೊಫೆಸರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯತೊಡಗಿದರು. ಅವನು ಅದನ್ನೇ ನೋಡುತ್ತ ನಿಂತ.

“ಹೋಗ್ತಾ ಬಾಗಿಲು ಎಳ್ಕೊಂಡು ಹೋಗಪ್ಪ,” ಎಂದರು ಪ್ರೊಫೆಸರು, ತುಂಬ ಕರುಣೆಯಿಂದ.