ವಾಸನೆ ಕಳೆದುಕೊಂಡ ಮಾವ

ನನ್ನ ಸೋದರಮಾವನಷ್ಟು ಮೈ ತಿಕ್ಕಿ ಸ್ನಾನ ಮಾಡುವವರು ಚಳ್ಳಕೆರೆ ಸೀಮೆಯಲ್ಲೇ ಇರಲಿಲ್ಲ. ಆದರೂ ಅವನು ಪಕ್ಕ ಬಂದು ಕೂತರೆ ಮೂಗು ಮುಚ್ಚಿಕೊಳ್ಳಬೇಕಿತ್ತು!

ಅಂಗಡಿಗಳಲ್ಲಿ ಶಾಂಪೂ ಪಾಕೀಟುಗಳು ತೋರಣದ ಹಾಗೆ ನೇತಾಡಲು ಶುರುವಾಗಿದ್ದ ಕಾಲ. ಊರಿಗೆ ಊರೇ ಘಮಘಮಿಸುತ್ತಿದ್ದರೆ ಮಾವ ಮಾತ್ರ ತನ್ನ ಮೈಯ ಮನುಷ್ಯ ವಾಸನೆಯನ್ನೇ ಕಳೆದುಕೊಳ್ಳಲು ಹೊರಟಿದ್ದ. ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಅಂಚಿಗೆ ಅವನ ಶೇಂಗಾ ಹೊಲ. ಕಾಡುಹಂದಿಗಳ ಕಾಟ. ಜಾಲಿಮುಳ್ಳು ಒಟ್ಟಿ ಮರೆ ಕಟ್ಟಿ, ಒಳಗೆ ಕೋವಿ ಹಿಡಿದು ಕೂತರೂ ಹಂದಿಗಳು ಗಾಳಿಯಲ್ಲೇ ಇವನನ್ನು ಮೂಸಿ ಓಡುತ್ತಿದ್ದವು. ಅವಮಾನವಲ್ಲವೇ ಮತ್ತೆ? ಸೋಪು ಬಿಟ್ಟ, ಜೇಡಿಮಣ್ಣು ಹಿಡಿದ. ಬೀಡಿ ಬಿಟ್ಟ. ಬೇವಿನ ಸೊಪ್ಪಿನ ಹೊಗೆ ಕುಡಿದ. ಬಟ್ಟೆಗಳನ್ನು ರಾತ್ರಿಯೆಲ್ಲ ಕುರಿ ಕೂಡುವ ರೊಪ್ಪದಲ್ಲಿ ಮಲಗಿಸಿದ. ಕೊನೆಗೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬೇಡ ಎಂದಾಗ ಅತ್ತೆ ಸೌಟು ಎತ್ತಿದಳು: "ನಾನೇನು ಹಂದಿ ಮನೆಗೆ ಸೊಸೆಯಾಗಿ ಬಂದೀನಾ?"

ಒಂದು ಸಂಜೆ ನನ್ನನ್ನೂ ಕರೆದೊಯ್ದ. ಮರೆಯ ಬಾಯಲ್ಲೇ ತಪಾಸಣೆ.

"ಹಲ್ಲು ಯಾತರಾಗೆ ಉಜ್ಜಿದೆ ಅಳಿಯಾ?"

"ಪೇಸ್ಟಲ್ಲಿ."

"ಹಂಗಾರೆ ಉಸಿರಾಡಬ್ಯಾಡ!"

ಚಿಟಿಕೆ ಬೂದಿ ತೂರಿ ಗಾಳಿ ನೋಡಿದ. ಬೂದಿಯೆಲ್ಲ ನಮ್ಮ ಮುಖಕ್ಕೇ ಬಂತು. ಹಾಗಾದರೆ ಸರಿ, ನಮ್ಮ ವಾಸನೆ ಹಂದಿಯ ಕಡೆ ಹೋಗುವುದಿಲ್ಲ! ಕೂತೆವು. ಕಾವಲಿನ ಹುಲ್ಲು ಇಳಿಬಿಸಿಲಲ್ಲಿ ಬಾಗಿ ಬಾಗಿ ಏಳುತ್ತಿತ್ತು. ನೋಡುತ್ತಾ ನೋಡುತ್ತಾ ನಾನು ಕೂತಿದ್ದೇನೋ ತೇಲುತ್ತಿದ್ದೇನೋ ತಿಳಿಯದಾಯಿತು. ಆ ಹುಲ್ಲಿನೊಳಗಿಂದ ಹಂದಿ ಬಂತು, ಹಿಂದೆ ಮರಿಗಳು. ಮುಳ್ಳಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ಮೂಸಿ, ಏನೂ ಇಲ್ಲವೆಂಬಂತೆ ಶೇಂಗಾ ಕೆದಕತೊಡಗಿತು. ಮಾವ ಕೋವಿ ಮುಟ್ಟಲೇ ಇಲ್ಲ! ಅವು ಹೊಟ್ಟೆ ತುಂಬಿಸಿಕೊಂಡು ಹೋದ ಮೇಲೆ ಕೇಳಿದೆ, "ಯಾಕ್ ಮಾವ, ಹೊಡೀಲಿಲ್ಲ?"

"ನಾನು ಇರೋದೇ ಅದಕ್ಕೆ ಗೊತ್ತಾಗ್ಲಿಲ್ಲ ಕಣೋ!" ಎಂದ, ಕನಸಿನಿಂದ ಎದ್ದವನ ಹಾಗೆ.

ಗೆದ್ದ ಖುಷಿಯಲ್ಲಿ ಮನೆಯ ಹೊಸ್ತಿಲು ದಾಟಿದನೋ ಇಲ್ಲವೋ, ಬಿತ್ತು ಕೋಲಿನ ಏಟು! "ಕುರಿ ಒಳಗೆ ಬಂತು, ಓಡಿಸ್ರೇ!" ಹೊಡೆದವಳು ಅವನ ತಾಯಿ, ನನ್ನ ಅಜ್ಜಿ. ಅವಳಿಗೆ ಕಣ್ಣು ಹೋಗಿತ್ತು, ಕಿವಿಯೂ ಮಂದ. ಮನೆಮಂದಿಯನ್ನೆಲ್ಲ ವಾಸನೆಯಲ್ಲೇ ಗುರುತು ಹಿಡಿಯುತ್ತಿದ್ದಳು. ನಾವು ಬಿದ್ದು ಬಿದ್ದು ನಕ್ಕೆವು. ಮಾವನೂ ನಕ್ಕ.

ಶೇಂಗಾ ಕೀಳುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. ಮಾವ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದರೂ "ನನ್ನ ಮಗ ಬರ್ಲಿಲ್ವೇನ್ರೇ?" ಎಂದು ಒಂದೇ ಸಮ ಕೇಳುತ್ತಿದ್ದಳು. "ನಾನೇ ಕಣವ್ವಾ!" ಎಂದು ಅವನು ಕಿರುಚಿದ. ಅಜ್ಜಿ ಕೈ ಬಿಡಿಸಿಕೊಂಡಳು. ಮಾವ ಎದ್ದು ಬಚ್ಚಲಿಗೆ ಓಡಿದ. ಕೆಂಪು ಸೋಪು ತಿಕ್ಕಿಕೊಂಡ, ತಲೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡ, ಬೀಡಿ ಹಚ್ಚಿ ಕೆಮ್ಮುತ್ತಾ ಎಳೆದ. ಬಂದು ಅಂಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದ.

"ಎಲ್ಲಿಗೆ ಹೋಗಿದ್ಯೋ ಮಗನೇ ಇಷ್ಟು ದಿನ?" ಅಜ್ಜಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

ಅಜ್ಜಿ ಹೋದಳು. ಮಾವ ಮತ್ತೆ ಮರೆಯಲ್ಲಿ ಕೂರಲು ಶುರು ಮಾಡಿದ, ಸೋಪು, ಎಣ್ಣೆ, ಬೀಡಿ ಸಮೇತ! ಹಂದಿಗಳು ಹೊಲದ ಹತ್ತಿರವೂ ಸುಳಿಯುತ್ತಿರಲಿಲ್ಲ.

"ಹಿಂಗಾದ್ರೆ ಹಂದಿ ಬರ್ತಾವಾ ಮಾವ?"

"ಬರದಿದ್ರೆ ಬ್ಯಾಡ ಬಿಡೋ," ಎಂದ, ಕಾವಲಿನ ಹುಲ್ಲನ್ನೇ ನೋಡುತ್ತಾ. "ಅವ್ವ ಬಂದ್ರೆ ಗುರುತು ಸಿಗ್ಬೇಕಲ್ಲ."