ಹೂಂ ಅಂದ ತಪ್ಪಿಗೆ

ಕಿವಿ ಸ್ವಲ್ಪ ಮಂದ ಎಂದುಕೊಂಡು ಬದುಕುವುದರಲ್ಲಿ ಎಂಥ ಸುಖವಿದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಜಗತ್ತು ಎಲ್ಲೋ ದೂರದಲ್ಲಿ ಗೊಣಗುತ್ತಿರುತ್ತದೆ, ನಾವು ನಮ್ಮ ಪಾಡಿಗೆ ನಾವಿರುತ್ತೇವೆ. ಹಾಗೆ ನೆಮ್ಮದಿಯಾಗಿದ್ದವನು ನಾನು. ಆ ನೆಮ್ಮದಿಯನ್ನು ವಿಮಾನ ನಿಲ್ದಾಣದವರು ಕಿತ್ತುಕೊಂಡರು. ಇದನ್ನು ಹೆಂಡತಿಯ ಹತ್ತಿರ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ನಾನು ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಕೂತೆನೆಂದರೆ ಲೋಕದ ಪರಿವೆ ಇರುವುದಿಲ್ಲ. ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಅದರ ಜಾಗಕ್ಕೆ ಇಳಿಸುವಾಗ ಉಸಿರು ಬಿಡುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ತೆರೆದರೆ ಸ್ಪ್ರಿಂಗು ಹಾರಿ ಮೇಜಿನ ಕೆಳಗೆ ಸೇರುತ್ತದೆ, ಅದರ ಹಿಂದೆ ನಾನೂ ಅಂಬೆಗಾಲಿಡಬೇಕಾಗುತ್ತದೆ. ಆದ್ದರಿಂದ ಯಾರು ಏನೇ ಕೇಳಿದರೂ ತುಟಿ ಬಿಚ್ಚದೆ ಹೇಳಬಹುದಾದ ಒಂದೇ ಒಂದು ಉತ್ತರವನ್ನು ನಾನು ಸಾಧನೆ ಮಾಡಿಕೊಂಡಿದ್ದೆ: "ಹೂಂ." ಹೆಂಡತಿಗೆ ಹೂವು ತಂದುಕೊಡುವ ಗಂಡಂದಿರು ಇರಬಹುದು, ನಾನು ಹೂಂ ಕೊಟ್ಟೇ ಸಂಸಾರ ನಡೆಸಿದವನು. (ಬಾಡುವುದಿಲ್ಲ, ಖರ್ಚೂ ಇಲ್ಲ.)

ಹೆಂಡತಿ ಮದುವೆಯ ಹೊಸತರಲ್ಲಿ ಇದನ್ನು ಪ್ರೀತಿ ಎಂದುಕೊಂಡಳು. ಆಮೇಲೆ ಉದಾಸೀನ ಎಂದುಕೊಂಡಳು. ಕೊನೆಗೆ, ಒಳ್ಳೆಯ ಮನಸ್ಸಿನವಳಾದ್ದರಿಂದ, ಪಾಪ ಕಿವಿ ಮಂದವಿರಬೇಕು ಎಂಬ ತೀರ್ಮಾನಕ್ಕೆ ಬಂದಳು. ನಾನೂ ಯೋಚಿಸಿ ನೋಡಿದೆ. ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನಗೆ ಕೇಳಿಸದಿರುವುದು ನಿಜ. ಹಾಗಾದರೆ ಮಂದವೇ ಸರಿ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ಅಂದಿನಿಂದ ಅವಳು ನನ್ನ ಜೊತೆ ಗಟ್ಟಿಯಾಗಿ, ಬಿಡಿಬಿಡಿಯಾಗಿ, ಒಂದೊಂದೇ ಮಾತನ್ನು ತೂಕ ಮಾಡಿ ಹೇಳುವ ಅಭ್ಯಾಸ ಮಾಡಿಕೊಂಡಳು.

ಆ ಅಭ್ಯಾಸವೇ ಮುಂದೆ ಅವಳ ಕೈ ಹಿಡಿಯಿತು. ಅವಳು ಭೌತಶಾಸ್ತ್ರ ಓದಿದವಳು, ಟ್ಯೂಷನ್ ಹೇಳಿಕೊಡುತ್ತಿದ್ದಳು. ಆಕಾಶದಲ್ಲಿ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ, ನೆಲದ ಮೇಲೆ ಕೂತು ದಾರಿ ಹೇಳುವ ಕೆಲಸವೊಂದಿದೆಯಲ್ಲ, ಅದರ ಮೇಲೆ ಅವಳ ಕಣ್ಣು. ಎರಡು ಸಲ ಪರೀಕ್ಷೆ ಬರೆದು ಕೂದಲೆಳೆಯಲ್ಲಿ ತಪ್ಪಿತ್ತು. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ಇದೇ ಕೊನೆಯ ಅವಕಾಶ. ಅಡುಗೆಮನೆಯ ಕಪಾಟಿನ ಬಾಗಿಲಿಗೆಲ್ಲ ಸೂತ್ರಗಳ ಚೀಟಿ ಅಂಟಿಸಿಕೊಂಡು, ಒಂದು ಕೈಯಲ್ಲಿ ಸೌಟು ಇನ್ನೊಂದರಲ್ಲಿ ಪುಸ್ತಕ ಹಿಡಿದು ಓದಿದಳು. ಪಾಸಾದಳು. ಧ್ವನಿ ಪರೀಕ್ಷೆಯಲ್ಲಂತೂ ಪರೀಕ್ಷಕರೇ ಬೆರಗಾದರಂತೆ.

"ಇಷ್ಟು ಸ್ಪಷ್ಟವಾಗಿ ಮಾತಾಡೋದು ಎಲ್ಲಿ ಕಲಿತ್ರಿ?"

"ಮನೇಲಿ ಸಾರ್."

ಇನ್ನು ಉಳಿದದ್ದು ಎರಡು ಹೆಬ್ಬಾಗಿಲು. ಶರೀರ ಸರಿಯಿದೆ ಎಂದು ವೈದ್ಯರು ಹೇಳಬೇಕು, ನಡತೆ ಸರಿಯಿದೆ ಎಂದು ಭದ್ರತಾ ಇಲಾಖೆಯವರು ಹೇಳಬೇಕು. ಎರಡರಲ್ಲಿ ಒಂದು ಮುಚ್ಚಿಕೊಂಡರೂ ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ವೈದ್ಯಕೀಯ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಅವಳು ಪಟಪಟನೆ ಓದಿದಳು. ರಕ್ತದ ಒತ್ತಡ ಅಳೆದರು, ಎದೆ ಬಡಿತ ಬರೆದುಕೊಂಡರು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿಸಿದರು. ಮನಃಶಾಸ್ತ್ರಜ್ಞರು ಒತ್ತಡದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ ಎಂದು ಕೇಳಿದಾಗ ಇವಳು "ಮದುವೆಯಾಗಿದೆ ಸಾರ್" ಎಂದಳಂತೆ. ಅವರು ನಕ್ಕು, ಮುಂದಿನ ಪ್ರಶ್ನೆ ಕೇಳದೆ ಪಾಸು ಮಾಡಿ ಕಳಿಸಿದರಂತೆ. ನಾನು ಇದರಲ್ಲಿ ನಗುವಂಥದ್ದೇನಿದೆ ಎಂದು ಈಗಲೂ ಯೋಚಿಸುತ್ತಿದ್ದೇನೆ.

ಅವತ್ತು ಸಂಜೆ ಅವಳು ಖುಷಿಯಲ್ಲಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೊಸ ವಿದ್ಯೆಯನ್ನೆಲ್ಲ ಹೇಳಿದಳು.

"ರೀ, ಪೈಲಟ್‌ಗಳು ಬರೀ ಹೂಂ ಅನ್ನೋ ಹಾಗಿಲ್ಲ, ಗೊತ್ತಾ? ನಾವು ಏನು ಹೇಳ್ತೀವೋ ಅದನ್ನ ಅವರು ತಿರುಗಿ ಹೇಳಬೇಕು. ಆಗಲೇ ಕೇಳಿಸ್ಕೊಂಡ್ರು ಅಂತ ಲೆಕ್ಕ."

"ಹೂಂ."

"ಭದ್ರತೆಯವರು ಯಾವತ್ತು ಬೇಕಾದ್ರೂ ಮನೆಗೆ ಬರಬಹುದು. ನನ್ನ ಬಗ್ಗೆ ನಿಮ್ಮನ್ನ ಕೇಳ್ತಾರೆ. ನೀವು ಬಾಯಿ ಬಿಟ್ಟು ಮಾತಾಡಬೇಕು."

"ಹೂಂ."

ಇಷ್ಟು ನನಗೆ ಕೇಳಿಸಿತ್ತು, ಸುಳ್ಳು ಹೇಳುವುದಿಲ್ಲ. ನಾನು ತಯಾರಿಯನ್ನೂ ಮಾಡಿದೆ. ಮನೆ ತುಂಬ ಟಿಕ್ ಟಿಕ್ ಎನ್ನುವ ಸದ್ದು, ಮೂಲೆ ಮೂಲೆಯಲ್ಲಿ ತಂತಿ ಸುರುಳಿ, ಬ್ಯಾಟರಿ. ಭದ್ರತಾ ಅಧಿಕಾರಿ ಕಣ್ಣಿಗೆ ಇದು ಏನಾಗಿ ಕಾಣಬೇಡ! ಎಲ್ಲ ಅಲಾರಂ ಗಡಿಯಾರಗಳನ್ನೂ ಟ್ರಂಕಿಗೆ ತುಂಬಿ ಮಂಚದ ಕೆಳಗೆ ತಳ್ಳಿದೆ. (ಟ್ರಂಕಿನಿಂದ ಆಗಾಗ ಹೊಮ್ಮುತ್ತಿದ್ದ ಗಣಗಣ ಸದ್ದು ಇನ್ನಷ್ಟು ಅನುಮಾನಾಸ್ಪದವಾಗಿತ್ತು ಎಂದು ಆಮೇಲೆ ಹೊಳೆಯಿತು.) ಬೂಟುಗಾಲಿನ, ಗಿರಿಜಾ ಮೀಸೆಯ ಒಬ್ಬ ಆಜಾನುಬಾಹು ಬಂದು ಬಾಗಿಲಲ್ಲಿ ನಿಂತಂತೆ, ನಾನು ಎದ್ದು ನಿಂತು ಹೆಂಡತಿಯ ಗುಣಗಾನ ಮಾಡಿದಂತೆ ಮನಸ್ಸಿನಲ್ಲೇ ತಾಲೀಮು ನಡೆಸಿದೆ.

ಅಂಥವರು ಯಾರೂ ಬರಲಿಲ್ಲ. ಒಂದು ದಿನ ಹೆಂಡತಿ ಟ್ಯೂಷನ್ನಿಗೆ ಹೋಗಿದ್ದಾಗ ಬಗಲಲ್ಲಿ ಛತ್ರಿ ಇಟ್ಟುಕೊಂಡ ಸಣಕಲು ಮನುಷ್ಯರೊಬ್ಬರು ಬಂದು ಸ್ಟೂಲಿನ ಮೇಲೆ ಕೂತರು. ಆ ಹೊತ್ತಿಗೆ ನನ್ನ ಚಿಮಟದ ತುದಿಯಲ್ಲಿ ಒಂದು ಪುಟ್ಟ ಲೇಡೀಸ್ ವಾಚಿನ ಪ್ರಾಣ ನೇತಾಡುತ್ತಿತ್ತು. ಅವರು ಮೆತ್ತಗಿನ ದನಿಯಲ್ಲಿ ಏನೇನೋ ಮಾತಾಡಿದರು. ನಾನೂ ಮರ್ಯಾದೆಗೆ ತಕ್ಕ ಹಾಗೆ ಹೂಂಗುಟ್ಟಿದೆ. ತಲೆಯೆತ್ತಿ ನೋಡಿದಾಗ ಸ್ಟೂಲು ಖಾಲಿಯಿತ್ತು. ಯಾವನೋ ಹೊತ್ತು ಕಳೆಯಲು ಬಂದ ಗಿರಾಕಿ ಎಂದುಕೊಂಡು ಮರೆತೆ.

ಎರಡು ದಿನ ಬಿಟ್ಟು ಹೆಂಡತಿಗೆ ಭದ್ರತಾ ಕಚೇರಿಯಿಂದ ಕರೆ ಬಂತು. ಹೋಗುವಾಗ ಹಾಡು ಗುನುಗುತ್ತಾ ಹೋದವಳು ಬರುವಾಗ ಸದ್ದಿಲ್ಲದೆ ಬಂದಳು. ಚಪ್ಪಲಿಯನ್ನೂ ಬಿಡದೆ ಅದೇ ಸ್ಟೂಲಿನ ಮೇಲೆ ಕೂತಳು. ಅವಳು ಕೂಗಾಡಿದರೆ ನನಗೆ ಭಯವಿಲ್ಲ, ಸುಮ್ಮನಿದ್ದರೆ ಎದೆ ಡವಗುಟ್ಟುತ್ತದೆ. ಭೂತಗನ್ನಡಿ ತೆಗೆದಿಟ್ಟೆ.

"ಮೊನ್ನೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ವಲ್ಲ. ಯಾರೋ ಒಬ್ಬ ಛತ್ರಿಯವನು ಬಂದಿದ್ದ. ವಾಚೂ ಕೊಡಲಿಲ್ಲ, ಗೀಚೂ ಕೊಡಲಿಲ್ಲ."

"ಆ ಛತ್ರಿಯವರೇ ಭದ್ರತಾ ಅಧಿಕಾರಿ. ಬಂದ ತಕ್ಷಣ ಹಾಗಂತ ಹೇಳಿದಾರೆ. ನೀವು ಹೂಂ ಅಂದಿದೀರಿ."

"ಹೌದಾ?"

"'ನಿಮ್ಮ ಹೆಂಡತಿ ಮೇಲೆ ಪೊಲೀಸ್ ಕೇಸು ಏನಾದ್ರೂ ಇದೆಯಾ' ಅಂತ ಕೇಳಿದಾರೆ. ಹೂಂ ಅಂದಿದೀರಿ. 'ಒಂದಕ್ಕಿಂತ ಜಾಸ್ತೀನಾ' ಅಂದಿದಾರೆ. ಹೂಂ."

"ಅಯ್ಯೋ!"

"'ಹೊರದೇಶದವರ ಜೊತೆ ಗುಟ್ಟಿನ ವ್ಯವಹಾರ?' ಹೂಂ. 'ಮನೇಲಿ ಸ್ಫೋಟಕ ಏನಾದ್ರೂ ಇಟ್ಟಿದೀರಾ?' ಹೂಂ. ಅಷ್ಟರಲ್ಲಿ ಮಂಚದ ಕೆಳಗಿಂದ ಏನೋ ಗಣಗಣ ಅಂತಂತೆ. ಕೊನೆಗೆ ಆ ಪುಣ್ಯಾತ್ಮರು, 'ಸರಿಯಾಗಿ ಯೋಚನೆ ಮಾಡಿ ಹೇಳ್ತಿದೀರಾ' ಅಂತಲೂ ಕೇಳಿದಾರೆ. ಅದಕ್ಕೂ..."

"ಹೂಂ ಅಂದ್ನಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಸಲ ಹೋದ್ರೆ ಮತ್ತೆ ಇಲ್ಲ ರೀ," ಎಂದಳು, ಅಷ್ಟೇ. ಅವಳು ಸೌಟು ಹಿಡಿದು ಓದಿದ್ದನ್ನು ನೋಡಿದವನು ನಾನು. ಸಾರು ಸೀದರೂ ಸೂತ್ರ ಬಿಡದೆ ಕಲಿತಿದ್ದಳು. ಆ ಸೀದ ಸಾರನ್ನು ಉಂಡವನೂ ನಾನೇ. ಎದ್ದು ನಿಂತು, "ನಡಿ, ಈಗಲೇ ಹೋಗೋಣ. ನಾನು ಹೇಳ್ತೀನಿ ಅವರಿಗೆ," ಎಂದೆ.

ಕಚೇರಿಯಲ್ಲಿ ಛತ್ರಿ ಅಧಿಕಾರಿಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೇಳಿಕೆ ಕೊಟ್ಟಾಗಿದೆ. ಈಗ ಇಲ್ಲ ಅಂದ್ರೆ ಹೇಗೆ ನಂಬಲಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಡ್ಡ ಬಂದಳು. "ಸಾರ್, ಇವರಿಗೆ ಕಿವಿ ಮಂದ. ಪಾಪ, ಏನೂ ಕೇಳಿಸಲ್ಲ. ಸುಮ್ನೆ ಹೂಂ ಅಂತಾರೆ." ಅಂಥ ಕೋಪದಲ್ಲೂ ಅವಳು ಪಾಪ ಎಂದಳಲ್ಲ, ಅದಕ್ಕೆ ನನ್ನ ಕಣ್ಣು ಒದ್ದೆಯಾಯಿತು.

ಅಧಿಕಾರಿಗಳು ಯೋಚಿಸಿದರು. "ಹಾಗಿದ್ರೆ ಸುಲಭ. ಕಿವಿ ಡಾಕ್ಟರು ಮಂದ ಅಂತ ಹೇಳಲಿ, ಮೊನ್ನೆ ಕೊಟ್ಟ ಹೇಳಿಕೆ ಲೆಕ್ಕಕ್ಕಿಲ್ಲ. ಮತ್ತೆ ಜೋರಾಗಿ ಕೇಳ್ತೀನಿ. ನಡೀರಿ, ನಾನೂ ಬರ್ತೀನಿ."

ಹೀಗೆ, ನನ್ನ ಹೆಂಡತಿ ಪಾಸಾದ ಅದೇ ಗಾಜಿನ ಪೆಟ್ಟಿಗೆಯೊಳಗೆ ನಾನು ನಪಾಸಾಗಲು ಕೂತೆ. ಜೀವಮಾನದಲ್ಲಿ ಎಷ್ಟೋ ಪರೀಕ್ಷೆಗಳಲ್ಲಿ ಪ್ರಯತ್ನವಿಲ್ಲದೆ ನಪಾಸಾದವನಿಗೆ ಇದೊಂದು ಕಷ್ಟವೇ ಎಂದು ಧೈರ್ಯವಾಗಿದ್ದೆ. ಹೆಡ್‌ಫೋನ್ ಹಾಕಿದರು. "ಕುಂಯ್" ಎಂದಿತು. ಒತ್ತಿದೆ. ಸೊಳ್ಳೆಯಷ್ಟು ಸಣ್ಣಗೆ "ಟಿಣ್" ಎಂದಿತು. ಒತ್ತಿದೆ. ಇನ್ನೂ ಸಣ್ಣದು, ಸೊಳ್ಳೆ ಪಕ್ಕದ ಮನೆಗೆ ಹೋದ ಹಾಗೆ. ಅದೂ ಕೇಳಿಸಿತು! ನನಗೆ ಬೆವರು ಕಿತ್ತುಕೊಂಡಿತು. ಒತ್ತಬಾರದು, ಒತ್ತಬಾರದು ಎಂದು ಮನಸ್ಸು ಬಡಕೊಳ್ಳುತ್ತಿದ್ದರೂ ಬೆರಳು ಕೇಳಲಿಲ್ಲ. ವಾಚನ್ನು ಕಿವಿಗಿಟ್ಟು, ಟಿಕ್ಕಿಗೂ ಟಿಕ್ಕಿಗೂ ನಡುವಿನ ಕುಂಟುವಿಕೆಯನ್ನು ಹಿಡಿದು ಹೊಟ್ಟೆ ಹೊರೆದ ಮನುಷ್ಯ ನಾನು. ಸದ್ದು ಬಂದರೆ ಕೈ ತಾನಾಗಿ ಓಡುತ್ತದೆ.

ಡಾಕ್ಟರಮ್ಮ ಹೊರಗೆ ಕರೆದು ಎಲ್ಲರೆದುರು ಸಂತೋಷದಿಂದ ಸಾರಿದರು: "ಇಂಥ ಕಿವಿ ನಾನು ನೋಡೇ ಇಲ್ಲ. ನಿಮ್ಮ ಮನೆಯವರಿಗಿಂತ ನಿಮ್ಮದೇ ಚುರುಕು!"

ಹೆಂಡತಿಯ ಮುಖ ಮೊದಲು ಕೆಲಸ ಹೋಯಿತೆಂದು ಬಿಳಿಚಿತು. ಆಮೇಲೆ, ನಿಧಾನಕ್ಕೆ, ಬೇರೆ ಕಾರಣಕ್ಕೆ ಕೆಂಪಾಯಿತು. ಅಧಿಕಾರಿಗಳು ಗಂಟಲು ಸರಿಮಾಡಿಕೊಂಡರು. ಆ ಮುಖಗಳನ್ನು ನೋಡಲಾರದೆ ನಾನು ಗೋಡೆಯ ಕಡೆ ತಿರುಗಿದೆ. ಅಲ್ಲೊಂದು ಗಡಿಯಾರವಿತ್ತು. ಅದರ ಸೆಕೆಂಡಿನ ಮುಳ್ಳು ಮುಂದೆ ಹೋಗಲಾರದೆ ನಿಂತಲ್ಲೇ ಎಗರುತ್ತಿತ್ತು. ಬ್ಯಾಟರಿ ಸೊರಗಿದೆಯೋ, ಹಲ್ಲುಚಕ್ರದಲ್ಲಿ ದೂಳು ಕೂತಿದೆಯೋ?

ಆಮೇಲೆ ಆದದ್ದನ್ನು ನನಗೆ ಹೆಂಡತಿ ಹೇಳಿದ್ದು. ಡಾಕ್ಟರಮ್ಮ ನನ್ನನ್ನು ಕೂತುಕೊಳ್ಳುತ್ತೀರಾ ಎಂದರಂತೆ. ನಾನು ನಿಂತೇ "ಹೂಂ" ಎಂದೆನಂತೆ. ಅಷ್ಟು ಸಾಕಾಯಿತು ಅವಳಿಗೆ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

"ಡಾಕ್ಟ್ರೇ, ಇವರನ್ನ ಇನ್ನೇನಾದ್ರೂ ಕೇಳಿ. ಏನು ಬೇಕಾದ್ರೂ."

"ನಿಮ್ಮ ಎರಡು ಕಿವೀನೂ ಕತ್ತರಿಸಿ ಡಬ್ಬಿಗೆ ಹಾಕಿಡಲಾ?"

"ಹೂಂ."

ಅಧಿಕಾರಿಗಳು ಛತ್ರಿ ಊರಿಕೊಂಡು ಹತ್ತಿರ ಬಂದರು. "ಈ ಆಸ್ಪತ್ರೆ ತಾರಸಿ ಮೇಲೆ ನಿಮ್ಮ ಸ್ವಂತ ವಿಮಾನ ನಿಲ್ಲಿಸಿದೀರಂತೆ?"

"ಹೂಂ."

"ನನ್ನ ಛತ್ರಿಗೆ ನಿಮ್ಮ ತಂಗೀನ ಕೊಟ್ಟು ಮದುವೆ ಮಾಡ್ತೀರಾ?"

"ಹೂಂ."

ಡಾಕ್ಟರಮ್ಮ ನಗು ತಡೆಯಲಾರದೆ ಕುರ್ಚಿಗೆ ಕುಸಿದರು. ಆ ನಗು ಕೇಳಿಯೇ ನಾನು ಈ ಲೋಕಕ್ಕೆ ಬಂದದ್ದು. "ಕಿವಿಗೆ ಕೇಳಿಸುತ್ತೆ, ಮನುಷ್ಯ ಕೇಳಿಸ್ಕೊಳ್ಳಲ್ಲ. ಇದಕ್ಕೆ ನಮ್ಮಲ್ಲಿ ಔಷಧಿ ಇಲ್ಲ," ಎಂದರು. ಅಧಿಕಾರಿಗಳು ನನ್ನ ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಕ್ಷಮಿಸಿ ತಾಯಿ. ನಮ್ಮ ಮನೇಲಿ ಹೂಂ ಅನ್ನೋನು ನಾನೇ. ನನಗೆ ಮೊದಲೇ ಹೊಳೀಬೇಕಿತ್ತು. ನಿಮ್ಮದೇನೂ ತಕರಾರಿಲ್ಲ, ಕೆಲಸಕ್ಕೆ ಸೇರ್ಕೊಳ್ಳಿ," ಎಂದರು.

ಅವಳು ಅತ್ತಳು, ನಕ್ಕಳು, ಡಾಕ್ಟರಮ್ಮನನ್ನು ಅಪ್ಪಿಕೊಂಡಳು. ನನಗೂ ಆದ ಸಂತೋಷಕ್ಕೆ ಆ ಗೋಡೆ ಗಡಿಯಾರವನ್ನು ಪುಕ್ಕಟೆ ಸರಿಮಾಡಿ ಕೊಡುತ್ತೇನೆಂದು ಇಳಿಸಿಕೊಂಡೆ.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡು ಅವಳ ಪಕ್ಕ. ಅವಳು ಎಂದೂ ಇಲ್ಲದಷ್ಟು ಮೆಲ್ಲಗೆ, "ರೀ," ಎಂದಳು.

"ಹೇಳು!" ಎಂದೆ, ಬೆಚ್ಚಿ.

"ಇಷ್ಟು ವರ್ಷ ನಾನು ಗಂಟಲು ಹರ್ಕೊಂಡಿದ್ದು ದಂಡ, ಅಲ್ವಾ?"

ನಾನು ಗಡಿಯಾರದ ಗಾಜು ಒರೆಸಿದೆ.

"ಹೋಗ್ಲಿ ಬಿಡಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನೀವು ಹೂಂ ಅಂದಿದ್ದೆಲ್ಲ ಕೇಳಿಸದೆ ಅಂದಿದ್ದೇನೋ, ಮತ್ತೆ ಕೇಳಬೇಕೇನೋ ಅಂತ ನಂಗೊಂದು ಅಳುಕಿತ್ತು. ಈಗ ಇಲ್ಲ. ನಿಮಗೆ ಎಲ್ಲಾ ಕೇಳಿಸಿದೆ. ಡಾಕ್ಟ್ರೇ ಹೇಳಿದ್ರಲ್ಲ."

"ಏನು ಕೇಳಿದ್ದೆ?"

"ಕೊನೇ ಸಲ ಪರೀಕ್ಷೆ ಬರೀಲಾ ಅಂದಿದ್ದೆ. ಹೂಂ ಅಂದ್ರಿ. ನೀವು ಹಾಗನ್ನದೇ ಇದ್ದಿದ್ರೆ ನಾನು ಬರೀತಾನೇ ಇರ್ಲಿಲ್ಲ."

ನನ್ನ ಎದೆ ಉಬ್ಬಿತು. ನನಗೇ ಗೊತ್ತಿಲ್ಲದೆ ಎಂಥ ಗಂಡನಾಗಿದ್ದೆ ನಾನು!

"ಕೆಲಸ ಸಿಕ್ಕಿದ್ರೆ ಬೇರೆ ಊರಿಗೆ ಹಾಕ್ತಾರೆ, ಅಂಗಡಿ ಅಲ್ಲಿಗೇ ಸಾಗಿಸ್ತೀರಾ ಅಂದೆ. ಹೂಂ ಅಂದ್ರಿ. ಪಾಳಿ ಮೇಲೆ ಕೆಲಸ, ಅಡುಗೆ ನೀವೇ ನೋಡ್ಕೋತೀರಾ ಅಂದೆ. ಹೂಂ ಅಂದ್ರಿ."

ಉಬ್ಬಿದ ಎದೆ ಅಲ್ಲೇ ನಿಂತಿತು.

"ನಮ್ಮಮ್ಮನೂ ನಮ್ಮ ಜೊತೇಲೇ ಇರ್ಲಾ, ಕಾಯಮ್ಮಾಗಿ, ಅಂದೆ."

"ಯಾವಾಗ?"

"ನೀವು ಆ ದೊಡ್ಡ ಲೋಲಕದ ಗಡಿಯಾರ ಬಿಚ್ಚಿ ಹರಡಿಕೊಂಡಿದ್ರಲ್ಲ, ಅವತ್ತು. ಎರಡೆರಡು ಸಲ ಕೇಳಿದೆ. ಅಮ್ಮ ಬರೋ ವಾರ ಬರ್ತಾರೆ. ಈಗ ಬಾಯಿ ಬಿಟ್ಟು ಹೇಳಿಬಿಡಿ, ನಿಮಗೆ ಒಪ್ಪಿಗೆ ತಾನೆ?"

ಅತ್ತೆಯವರ ಬಗ್ಗೆ ನನಗೆ ಅಪಾರ ಗೌರವ. ಆ ಗೌರವ ಎರಡು ಊರುಗಳ ನಡುವಿನ ದೂರದಲ್ಲಿ ಚೆನ್ನಾಗಿ ಬೆಳೆದಿತ್ತು. ಇನ್ನು ತಡಮಾಡಿದರೆ ಕೆಟ್ಟೆ ಎಂದುಕೊಂಡು, ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು, ಸಂಸಾರದ ಇತಿಹಾಸದಲ್ಲೇ ಮೊದಲ ಬಾರಿಗೆ "ಉಹೂಂ" ಎನ್ನಲು ಬಾಯಿ ತೆರೆದೆ. ಅದೇ ಗಳಿಗೆಗೆ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. "ಉ" ಗಂಟಲಲ್ಲೇ ಸಿಕ್ಕಿಕೊಂಡಿತು. ಮಿಕ್ಕದ್ದು ಮಾತ್ರ ಹೊರಗೆ ಬಂತು.

"ನಂಗೊತ್ತಿತ್ತು, ನೀವು ಬೇಡ ಅನ್ನಲ್ಲ ಅಂತ," ಎಂದು ನನ್ನ ಹೆಂಡತಿ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.