ಬೆಸುಗೆ ಬೇಡದ ಗಿಟಾರು

ಮೊದಲು ಒಂದು ಒಗಟು. ಮೈತುಂಬ ಕೂದಲಿಗಿಂತ ಸಣ್ಣ ತಂತಿ ಸುತ್ತಿಕೊಂಡಿದೆ, ಚಳಿಯಿಲ್ಲ. ಹೊಟ್ಟೆಯೊಳಗೆ ಅಯಸ್ಕಾಂತ ಇಟ್ಟುಕೊಂಡಿದೆ, ಹಸಿವಿಲ್ಲ. ತಾನು ಕೂತಲ್ಲಿಂದ ಅಲ್ಲಾಡುವುದಿಲ್ಲ, ಆದರೆ ಪಕ್ಕದವರು ಸ್ವಲ್ಪ ನಡುಗಿದರೂ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಏನು ಹೇಳಿ?

ನಿಮ್ಮ ಓಣಿಯ ಕಟ್ಟೆ ಮೇಲೆ ಕೂರುವ ಅಜ್ಜಿ ಅಂದಿರಾ? ತಪ್ಪು. ಅದು ಎಲೆಕ್ಟ್ರಿಕ್ ಗಿಟಾರಿನ ಪಿಕಪ್. ಸಾಮಾನು ಹೊರುವ ಗಾಡಿಯಲ್ಲ. ಗಿಟಾರಿನ ತಂತಿಗಳ ಕೆಳಗೆ ಕೂತು, ಅವುಗಳ ನಡುಕವನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುವ ಬೆರಳುದ್ದದ ಪಟ್ಟಿ. ಪಿಕಪ್ ಬದಲಾದರೆ ಗಿಟಾರಿನ ದನಿಯೇ ಬದಲು.

ನನಗೆ ಇದೆಲ್ಲ ಹೆಂಗೆ ಗೊತ್ತು ಅಂದರೆ, ಒಂಬತ್ತನೇ ಕ್ಲಾಸಿಗೂ ನನಗೂ ಸರಿಬರದೆ ನಾನು ಶಿಕಾರಿಪುರದ ಒಂದು ಮೈಕ್ ಸೆಟ್ ಅಂಗಡಿ ಸೇರಿಕೊಂಡೆ. ಮೈಕ್ ಇರುವ ಕಡೆ ಮನುಷ್ಯರು ಬುದ್ಧಿ ಮನೆಯಲ್ಲಿಟ್ಟು ಬರುತ್ತಾರೆ. ಹಾಗಾಗಿ ನಮಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ಧೂಪದ ಪರಿಮಳ

ನಮ್ಮ ಅಂಗಡಿಯ ಪಕ್ಕದಲ್ಲಿ ಗೊಬ್ಬರದಂಗಡಿ. ಅದರ ಮಾಲೀಕರ ಮಗ ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾನೆ. ನಾವು ಕರೆಯುವುದು ಗಿಟಾರಣ್ಣ ಅಂತ. ಅವನ ಹತ್ತಿರ ಗಿಟಾರು ಒಂದೇ, ಪಿಕಪ್ ಎರಡು. ಭಕ್ತಿಗೀತೆಗೆ ಜೇನಿನಂಥದ್ದು, ಕುಣಿಯುವ ಹಾಡಿಗೆ ಬೀದಿನಾಯಿಯಂಥದ್ದು. ಒಂದನ್ನು ಕಿತ್ತು ಇನ್ನೊಂದು ಹಾಕಬೇಕೆಂದರೆ ಪ್ರತಿ ಸಲ ಕಾದ ಕಡ್ಡಿ ಹಿಡಿದು ಸೀಸ ಕರಗಿಸಿ ಬೆಸೆಯಬೇಕು. "ಎರಡು ಗಿಟಾರ್ ತಗೊಳಣ್ಣ" ಅಂದೆ. ಒಳಗಿಂದ ಅವರವ್ವನ ದನಿ ಬಂತು: "ಒಂದು ಹೆಂಡ್ತಿ ತರೋಕಾಗಿಲ್ಲ, ಎರಡು ಗಿಟಾರ್ ಬೇಕಂತ!"

ಒಂದು ಮದುವೆಯಲ್ಲಿ ಭಕ್ತಿಗೀತೆ ಮುಗಿಯಿತು, ಪಿಕಪ್ ಕಿತ್ತೆವು, ಕರೆಂಟು ಹೋಯಿತು. ಜನರೇಟರ್ ಇತ್ತು, ಆದರೆ ಅದು ಸ್ಟೇಜಿನ ಮೈಕು, ದೀಪಕ್ಕೆ ಮಾತ್ರ, ಬೆಸುಗೆ ಕಡ್ಡಿಗಲ್ಲ ಅಂತ ಹೆಣ್ಣಿನ ಕಡೆಯವರ ಅಪ್ಪಣೆ. ನಾವು ಅಡುಗೆ ಮನೆಗೆ ಓಡಿ, ಬೆಸುಗೆ ಕಡ್ಡಿಯನ್ನು ಭಟ್ಟರ ಒಲೆಗೆ ತುರುಕಿದೆವು.

"ಏನೋ ಅದು?" ಅಂದರು ಭಟ್ಟರು.

"ಗಿಟಾರಿಗೆ ಒಗ್ಗರಣೆ" ಅಂದೆ.

ಬೆಸುಗೆಯ ರಾಳ ಹೊಗೆಯಾಡಿ, ಅಡುಗೆ ಮನೆ ದಾಟಿ ಪಂಕ್ತಿಗೆ ಹೋಯಿತು. ಭಟ್ಟರು ಸೌಟು ಎತ್ತಿಕೊಂಡು ನಮ್ಮ ಬೆನ್ನು ಹತ್ತಿದರು. ನಾವು ಸ್ಟೇಜಿಗೆ ಬರುವಷ್ಟರಲ್ಲಿ ಆರ್ಕೆಸ್ಟ್ರಾ ಮಾಲೀಕರು ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದರು.

"ನೋಡಪಾ, ಕೀಬೋರ್ಡಲ್ಲೇ ಗಿಟಾರ್ ಅಂತ ಒಂದು ಗುಂಡಿ ಐತಿ. ಅದು ಊಟ ಕೇಳಲ್ಲ, ಒಲೆ ಕೇಳಲ್ಲ. ಇನ್ನೊಂದು ಸಲ ನಿನ್ನ ಗಿಟಾರು ನಡುವೆ ಬಾಯಿ ಮುಚ್ಚಿದ್ರೆ ನೀನು ಗೊಬ್ಬರ ಅಳಿ, ಆ ಗುಂಡಿ ನಿನ್ನ ಜಾಗದಾಗೆ ಕುಂದರ್ತದೆ."

ಗಿಟಾರಣ್ಣ ಬಿಳಿಚಿಕೊಂಡ. ಆ ಜಾಗ ಬಿಟ್ಟರೆ ಅವನಿಗೆ ಉಳಿಯುವುದು ಯೂರಿಯಾ ಚೀಲ ಮಾತ್ರ. ಅಷ್ಟರಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಬಾಳೆಲೆ ಬಿಟ್ಟು ಎದ್ದು ಬಂದು ಭಟ್ಟರ ಕೈ ಹಿಡಿದರು: "ಎಂಥ ಧೂಪ ಹಾಕಿಸೀರಿ! ನಮ್ಮನೇ ಮದುವೆಗೂ ನೀವೇ ಬರಬೇಕು."

೨. ಬಾರಿಸದವನಿಗೆ ಶಾಲು

ಬೆಸುಗೆಯ ಸಹವಾಸವೇ ಬೇಡ ಅಂತ ಬ್ಯಾಟರಿ ಅಂಗಡಿಯಿಂದ ಮೊಸಳೆ ಬಾಯಿಯ ಕ್ಲಿಪ್ಪುಗಳನ್ನು ತಂದೆವು. ಬಟ್ಟೆಗೆ ಕ್ಲಿಪ್ ಹಾಕಿದ ಹಾಗೆ ಪಿಕಪ್ ತಂತಿಗೆ ಕಚ್ಚಿಸಿದರೆ ಮುಗಿಯಿತು. ಆದರೆ ಬಿಚ್ಚಿದ ತಂತಿ ಸುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನೆಲ್ಲ ಹೀರಿಕೊಳ್ಳುತ್ತದೆ. ಗಿಟಾರಣ್ಣ ಗಿಟಾರಿನ ತಂತಿ ಮುಟ್ಟಿದರೆ ಸದ್ದು ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ "ಗುಂಯ್ಯ್ಯ್" ಅನ್ನುತ್ತದೆ.

ಸಮುದಾಯ ಭವನದಲ್ಲಿ ಭಜನೆ ಕಾರ್ಯಕ್ರಮ. ಆರ್ಕೆಸ್ಟ್ರಾ ಮಾಲೀಕರು ಮುಂದಿನ ಸಾಲಿನಲ್ಲಿ ಕೂತು ಗಿಟಾರಣ್ಣನನ್ನೇ ನೋಡುತ್ತಿದ್ದಾರೆ. ಹಾಡಬೇಕಾದ ಹಿರಿಯರು ಬಂದರು, ಕಣ್ಣು ಮುಚ್ಚಿದರು, ತಲೆದೂಗಿದರು.

"ಆಹಾ! ಶ್ರುತಿಪೆಟ್ಟಿಗೆ ಯಾರದ್ರೀ? ಎಷ್ಟು ಗಟ್ಟಿ ಐತ್ರೀ!"

ನಾನು ಗಿಟಾರಣ್ಣನ ಕಡೆ ಕೈ ತೋರಿಸಿದೆ. ನನ್ನ ಕೈ ಸುಮ್ಮನಿರಲ್ಲ.

ಹಿರಿಯರು ಆ ಗುಂಯ್ ಜೊತೆಗೇ ಹಾಡು ಎತ್ತಿದರು. ಗಿಟಾರಣ್ಣ ತನ್ನ ಸರದಿ ಬಂತೆಂದು ತಂತಿ ಮೀಟಿದ. ಶ್ರುತಿ ನಿಂತಿತು. ಹಿರಿಯರು ಒಂದು ಕಣ್ಣು ತೆರೆದರು. ಅವನು ಕೈ ತೆಗೆದ, ಶ್ರುತಿ ಬಂತು. ಮತ್ತೆ ಮೀಟಿದ, ಮತ್ತೆ ನಿಂತಿತು.

"ಏ ತಮ್ಮಾ, ನೀ ಏನೋ ಮುಟ್ಟಾಕ್ಹತ್ತೀದಿ. ಮುಟ್ಟಬ್ಯಾಡ. ಕೈ ಕಟ್ಕೊಂಡು ಕುಂದರು."

ಗಿಟಾರಣ್ಣ ಭಜನೆ ಮುಗಿಯುವ ತನಕ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಹಾಗೆ ಕೈಕಟ್ಟಿ ಕೂತ. ಕೊನೆಗೆ ಹಿರಿಯರೇ ಅವನನ್ನು ವೇದಿಕೆಯ ನಡುವೆ ಕರೆದು ಶಾಲು ಹೊದಿಸಿ ಮೈಕಿನಲ್ಲಿ ಹೇಳಿದರು: "ಇಷ್ಟು ಸಂಯಮ ಇರೋ ಕಲಾವಿದರನ್ನ ನಾನು ನೋಡಿಲ್ಲ."

೩. ಎಷ್ಟು ಟನ್ನಿನ ಗಿಟಾರು?

ಶಾಲು ಬಂದರೂ ಭಯ ಹೋಗಲಿಲ್ಲ. ಸೊರಬದಲ್ಲಿ ದೊಡ್ಡ ಗೃಹಪ್ರವೇಶದ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಮಾಲೀಕರು ಕೀಬೋರ್ಡಿನವನಿಗೆ ಎಲ್ಲರ ಮುಂದೆಯೇ ಹೇಳಿದ್ದರು: "ಗಿಟಾರ್ ಗುಂಡಿ ಮೇಲೆ ಬೆರಳಿಟ್ಟುಕೊಂಡೇ ಕೂರು."

ಉಪಾಯ ಹೊಳೆದದ್ದು ನನಗೆ. ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಒಂದು ದುಂಡನೆ ಪ್ಲಗ್ಗು ಇರುತ್ತದಲ್ಲ, ಟ್ರಾಲಿಯ ಹಿಂದಿನ ದೀಪ ಉರಿಯಲಿ ಅಂತ? ಚುಚ್ಚಿದರೆ ಕೂಡುತ್ತದೆ, ಎಳೆದರೆ ಬಿಡುತ್ತದೆ. ಗದ್ದೆಯ ಕೆಸರಿಗೇ ಜಗ್ಗದ್ದು ಗಿಟಾರಿಗೆ ಜಗ್ಗುತ್ತದಾ? ಗಿಟಾರಿಗೊಂದು ಸಾಕೆಟ್ಟು, ಪಿಕಪ್‌ಗಳಿಗೆ ಒಂದೊಂದು ಪ್ಲಗ್ಗು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು.

"ಎಷ್ಟು ಟನ್ನಿನ ಟ್ರಾಲಿ?" ಅಂದರು ಅಂಗಡಿಯವರು.

"ಟ್ರಾಲಿ ಅಲ್ರೀ, ಗಿಟಾರು."

ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಇಂಡಿಕೇಟರ್ ಬೇಕಾ?"

"ಬ್ಯಾಡ್ರೀ."

"ಬ್ರೇಕ್ ಲೈಟು?"

"ಅದೂ ಬ್ಯಾಡ್ರೀ."

ಪ್ಲಗ್ಗು ಪೊಟ್ಟಣ ಕಟ್ಟುತ್ತಾ ಅವರು ಅಂದರು: "ಆಮೇಲೆ ಹಿಂದಿನಿಂದ ಯಾರಾದ್ರೂ ಬಂದು ಗುದ್ದಿದ್ರೆ ನನ್ನ ಕೇಳಬ್ಯಾಡ್ರಿ."

ಈಸೂರಿನ ಬಡಗಿಯೊಬ್ಬರು ಗಿಟಾರಿನ ಬೆನ್ನು ಕೊರೆದು, ಪಿಕಪ್ಪನ್ನು ಮೇಜಿನ ಡ್ರಾಯರ್ ಥರ ಒಳಗೆ ನೂಕಿ ಹೊರಗೆ ಎಳೆಯುವ ಹಾಗೆ ಮಾಡಿಕೊಟ್ಟರು. ಕೆಲಸ ಮುಗಿದ ಮೇಲೆ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಇದಕ್ಕೆ ಬೀಗ ಇಡಲಾ, ಇಲ್ಲಾ ಮನೇಲಿ ಎಲ್ಲಾ ನಂಬಿಗಸ್ತರೇನಾ?"

೪. ಸೊರಬದಲ್ಲಿ ಸ್ಟೇಜು ಹೊರಟಿದ್ದು

ಸೊರಬದ ಆ ಮನೆಯ ಮುಂದೆ ಎರಡು ಟ್ರಾಲಿಗಳನ್ನು ಜೋಡಿಸಿ, ಮೇಲೆ ಜಮಖಾನ ಹಾಸಿ ಸ್ಟೇಜು ಮಾಡಿದ್ದರು. ಎಡಗಡೆ ಟ್ರಾಲಿಯಲ್ಲಿ ಗಿಟಾರಣ್ಣ. ಬಲಗಡೆ ಟ್ರಾಲಿಯಲ್ಲಿ ಕೀಬೋರ್ಡಿನವನು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾಲೀಕರು. ನಾನು ಕೆಳಗೆ ಮಿಕ್ಸರ್ ಹತ್ತಿರ.

ಭಕ್ತಿಗೀತೆ ಜೇನಿನ ಹಾಗೆ ಹರಿಯಿತು. ಮಾಲೀಕರ ಮುಖದಲ್ಲಿ ಎಲ್ಲೋ ಒಂದು ನಗು ಬಂದಂತಾಯಿತು. ಗಿಟಾರಣ್ಣ ಜೇನಿನ ಪಿಕಪ್ ಎಳೆದ, ಬೀದಿನಾಯಿಯದನ್ನು ಒಳಗೆ ನೂಕಿದ. ಇನ್ನು ಅದರ ಪ್ಲಗ್ಗನ್ನು ಗಿಟಾರಿನ ಸಾಕೆಟ್ಟಿಗೆ ಚುಚ್ಚುವುದಷ್ಟೇ ಬಾಕಿ.

ಆಗಲೇ ಬಲಗಡೆ ಟ್ರಾಲಿಯ ಯಜಮಾನ ಟ್ರ್ಯಾಕ್ಟರ್ ತಂದ. "ಎಂತ ಮಾರಾಯ್ರೇ, ಇನ್ನೂ ಮುಗದಿಲ್ವಾ? ಭತ್ತ ಮಿಲ್ಲಿಗೆ ಹೊಡೀಬೇಕು, ನನ್ನ ಟ್ರಾಲಿ ಕೊಡಿ."

"ಎರಡು ಹಾಡು ತಡೀರಿ" ಅಂದರು ಮಾಲೀಕರು.

"ನೀವು ಹಾಡ್ತಾ ಇರಿ, ನಾನು ಜೋಡಿಸ್ತಾ ಇರ್ತೆ."

ಅವನು ಟ್ರ್ಯಾಕ್ಟರನ್ನು ಸ್ಟೇಜಿನ ಹಿಂದಿನಿಂದ ತನ್ನ ಟ್ರಾಲಿಗೆ ಹಿಮ್ಮುಖ ತಂದು, ಕೊಂಡಿ ಸಿಕ್ಕಿಸಿ, ದೀಪದ ಪ್ಲಗ್ಗಿಗೆ ಜಮಖಾನದ ಕೆಳಗೆ ಕೈಯಾಡಿಸಿದ. ಕೈಗೆ ಸಿಕ್ಕಿದ್ದು ಎರಡು ಟ್ರಾಲಿಗಳ ಸಂದಿಯಲ್ಲಿ ಗಿಟಾರಿನಿಂದ ಜೋತಾಡುತ್ತಿದ್ದ ಪಿಕಪ್ಪಿನ ಪ್ಲಗ್ಗು. "ಓ, ಇಲ್ಲೇ ಉಂಟು" ಅಂತ ಟ್ರ್ಯಾಕ್ಟರಿಗೆ ಚುಚ್ಚಿಬಿಟ್ಟ. ಮೇಲೆ ಗಿಟಾರಣ್ಣ ಪ್ಲಗ್ಗಿನ ತಂತಿ ಎಳೆಯುತ್ತಾನೆ, ಬರುತ್ತಿಲ್ಲ. ಮಾಲೀಕರು ಕೀಬೋರ್ಡಿನವನಿಗೆ ಬೆರಳು ಎತ್ತಿ ಸನ್ನೆ ಮಾಡಿದರು. ಗುಂಡಿ ಒತ್ತಬೇಕು, ಅಷ್ಟರಲ್ಲಿ ಟ್ರ್ಯಾಕ್ಟರ್ ಹೊರಟಿತು!

ಬಲಗಡೆ ಸ್ಟೇಜು ಕೀಬೋರ್ಡು, ಕುರ್ಚಿ, ಮಾಲೀಕರ ಸಮೇತ ಮಿಲ್ಲಿನ ದಾರಿ ಹಿಡಿಯಿತು. ಪ್ಲಗ್ಗು ತಾನೇ ಕಿತ್ತು ಬಂದು ಗಿಟಾರಣ್ಣನ ಮಡಿಲಿಗೆ ಬಿತ್ತು. ಅವನು ಚುಚ್ಚಿದ, ಮೀಟಿದ. ಬೀದಿನಾಯಿ ಬೊಗಳಿತು! ಜನ ಎದ್ದು ಕುಣಿದರು. ದೂರದಲ್ಲಿ ಮಾಲೀಕರು ಟ್ರಾಲಿ ಮೇಲೆ ನಿಂತು ಕೈ ಬೀಸಿ ಕೂಗುತ್ತಿದ್ದರೆ, ಬಸ್ ಸ್ಟ್ಯಾಂಡಿನಲ್ಲಿದ್ದವರು ಯಾರೋ ಎಲೆಕ್ಷನ್ನಿಗೆ ನಿಂತವರು ಅಂದುಕೊಂಡು ಕೈ ಮುಗಿದರು.

ನಗಬೇಡಿ. ಈಗ ಹೇಳಿದ್ದು ಸುಳ್ಳು, ಟ್ರ್ಯಾಕ್ಟರ್ ಹೊರಡಲೇ ಇಲ್ಲ. ಆ ಯಜಮಾನ ದೀಪ ಉರಿಯದ್ದು ನೋಡಿ, "ಇದು ಯಾರ ಬಾಲ ಮಾರಾಯಾ?" ಅಂತ ಪ್ಲಗ್ಗು ವಾಪಸು ಕೊಟ್ಟ. ಕೊಡುವಷ್ಟರಲ್ಲಿ ಕೀಬೋರ್ಡಿನವನು ಗುಂಡಿ ಒತ್ತಿ ಇಡೀ ಹಾಡು ಮುಗಿಸಿದ್ದ. ಮಾಲೀಕರು? ಸನ್ನೆ ಮಾಡಿದವರೇ ಊಟದ ಪಂಕ್ತಿಗೆ ಓಡಿದ್ದರು. ಗುಂಡಿ ಒತ್ತುವ ಮೊದಲೇ ಗಿಟಾರು ಸರಿಹೋಯಿತು ಅಂದುಕೊಂಡು, ಕೈ ಒರೆಸಿಕೊಂಡು ಬಂದು ಗಿಟಾರಣ್ಣನ ಬೆನ್ನು ತಟ್ಟಿದರು:

"ಇವತ್ತು ಗಿಟಾರ್ ಅಂದ್ರೆ ಗಿಟಾರ್ ನೋಡಪಾ! ಊಟಕ್ಕೆ ಕುಂತಲ್ಲಿಗೇ ಕೇಳಿಸ್ತು. ಆ ಗುಂಡಿ ಇದರ ಮುಂದೆ ಏನಕ್ಕೂ ಬರಲ್ಲ. ನಿನ್ನ ಜಾಗ ನಿಂದೇ. ಆದ್ರೆ ಇದೇ ಸೌಂಡು ಇರಲಿ, ಇನ್ನು ಬದಲಾಯಿಸಬ್ಯಾಡ."

ಇದನ್ನೇ ಬರೆದರೆ ಗಿಟಾರಣ್ಣ ನನ್ನ ಬೆನ್ನಿಗೂ ಒಂದು ಡ್ರಾಯರ್ ಕೊರೆಸುತ್ತಾನೆ. ಅದಕ್ಕೇ ಕಥೆಯಲ್ಲಿ ಟ್ರ್ಯಾಕ್ಟರ್ ಓಡಿಸಿದೆ.